ವಸುಂಧರಾ ಮೇಡಂ ಹೇಳಿದ ಎಂಟು ಬ್ಯಾಗು

ಇದು ನಡೆದ ಕಥೆ. ಇದರೊಳಗೆ ಎಲ್ಲಾದರೂ ಸುಳ್ಳು ಸಿಕ್ಕರೆ ಅದು ಸುನೀತಾ ಟೀಚರ್ ಹೇಳಿದ್ದು, ಕಥೆ ಹೇಳಿದ್ದಲ್ಲ. ಅವಳು ಸುಳ್ಳು ಹೇಳಿದ್ದಂತೂ ನಿಜ. ಅದಕ್ಕೆ ಕುಂದಗೋಳದ ಹೈಸ್ಕೂಲಿನ ಇಡೀ ಸ್ಟಾಫ್ ರೂಮು ಸಾಕ್ಷಿ.

"ಎಲ್ಲಿಂದ ತರಿಸೀರಿ ಇದನ್ನ?" ಎಂದು ಅವತ್ತು ಕೇಳಿದವರು ವಿಜ್ಞಾನ ಕಲಿಸುವ ಅರುಣಾ ಟೀಚರ್. ಸುನೀತಾಳ ಕುರ್ತಾದ ತೋಳನ್ನು ಎರಡು ಬೆರಳಲ್ಲಿ ಹಿಡಿದು, ಗಿರಣಿಯಿಂದ ಬಂದ ಜೋಳದ ಹಿಟ್ಟಿನ ನುಣುಪು ನೋಡುವವರ ಹಾಗೆ ತಿಕ್ಕುತ್ತಿದ್ದರು. ಕುರ್ತಾ ಹಾಗಿತ್ತು. ಕಡುಗೆಂಪು ಖಣದ ಬಟ್ಟೆ, ಕೊರಳ ಸುತ್ತ ಸಾಸಿವೆ ಹೂವಿನ ಬಣ್ಣದ ಸಣ್ಣ ಪಟ್ಟಿ, ಬೆನ್ನ ಮೇಲೆ ಬಟ್ಟೆಯದೇ ಮೂರು ಗುಂಡಿ, ಎರಡೂ ಬದಿಗೆ ಕಿಸೆ. ಹೆಣ್ಣುಮಕ್ಕಳ ಬಟ್ಟೆಗೆ ಕಿಸೆ ಎಂಬುದು ಆ ಸ್ಟಾಫ್ ರೂಮಿನಲ್ಲಿ ಸಂಬಳ ಏರಿದ ಸುದ್ದಿಯಷ್ಟೇ ಅಪರೂಪ.

"ಜೈಪುರದ್ರಿ. ಆನ್‌ಲೈನ್," ಎಂದಳು ಸುನೀತಾ.

"ಜೈಪುರದಾಗ ಖಣಾ? ನಮ್ಮವ್ವನ ಕುಬಸ ಇದ್ದಂಗ ಐತಲ್ರಿ."

"ನಮ್ಮ ಕಡಿ ಬಟ್ಟೀನ ಒಯ್ದು ಅಲ್ಲಿ ಡಿಸೈನ್ ಮಾಡ್ತಾರ್ರಿ," ಎಂದವಳೇ ಸುನೀತಾ ಮೂಗು ಮುಚ್ಚಿ ಕಂಪನಿಯ ಹುಡುಗಿಯ ದನಿ ತೆಗೆದಳು. "ನಮಸ್ಕಾರ. ನಿಮ್ಮ ಕರೆ ನಮಗೆ ಅತ್ಯಮೂಲ್ಯ. ಕಿಸೆ ಬೇಕಾದವರು ಒಂದನ್ನು ಒತ್ತಿ. ಕಿಸೆಯಲ್ಲಿ ದುಡ್ಡೂ ಬೇಕಾದವರು ಹೆಡ್‌ಮಾಸ್ಟರರನ್ನು ಒತ್ತಿ."

ಸ್ಟಾಫ್ ರೂಮು ಬಿದ್ದುಬಿದ್ದು ನಕ್ಕಿತು. ಆ ನಗೆಯಲ್ಲಿ ಅರುಣಾ ಟೀಚರ್ ಕೇಳಿದ್ದು ಕೊಚ್ಚಿಹೋಯಿತು. ಸುನೀತಾಗೆ ಅದು ರೂಢಿಯಾಗಿತ್ತು: ಉತ್ತರ ಕೊಡಲಾಗದ ಕಡೆ ಬೇರೆಯವರ ದನಿಯೊಳಗೆ ಹೊಕ್ಕು ಹೊರಗೆ ಬಂದುಬಿಡುವುದು. ಹೆಡ್‌ಮಾಸ್ಟರು, ಬಸ್ ಕಂಡಕ್ಟರು, ಪರೀಕ್ಷೆಯ ಸ್ಕ್ವಾಡಿನವರು, ಯಾರ ಗಂಟಲೂ ಅವಳಿಗೆ ಬಾಡಿಗೆಗೆ ಸಿಗುತ್ತಿತ್ತು.

ಆ ಕುರ್ತಾ ಹೊಲಿದದ್ದು ಶಾಲೆಯಿಂದ ಇನ್ನೂರು ಹೆಜ್ಜೆ ಆಚೆ, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಒಂದೇ ಮಷೀನಿನ ಅಂಗಡಿಯ ಮುಬಶಿರಾ. ಕಿಸೆ ಇಟ್ಟದ್ದು ಅವಳ ಬುದ್ಧಿ, ಗುಂಡಿ ಅವಳ ಬುದ್ಧಿ, ಸಾಸಿವೆ ಪಟ್ಟಿಯಂತೂ ಪೂರ್ತಿ ಅವಳದೇ. ಮೂರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವಾರ ಇದೇ ಅರುಣಾ ಟೀಚರ್ ಹೀಗೇ ಕೇಳಿದಾಗ, "ಇಲ್ಲೇ ಹೊಲಿಸಿದ್ದು" ಎನ್ನಲು ಯರಗುಪ್ಪಿ ಎಂಬ ಹಳ್ಳಿಯಿಂದ ಬಸ್ಸಿನಲ್ಲಿ ಜೋತಾಡಿ ಬಂದ ಹುಡುಗಿಗೆ ನಾಚಿಕೆಯಾಗಿತ್ತು. ನಾಲಗೆ ತಾನಾಗಿ ಜೈಪುರ ಎಂದಿತ್ತು. ಆಮೇಲೆ ಒಂದೊಂದು ಹೊಸ ಅಂಗಿಗೂ ಒಂದೊಂದು ಊರು ಬೇಕಾಯಿತು: ಕೋಲ್ಕತ್ತಾ, ಪುದುಚೇರಿ, ಅಹಮದಾಬಾದು, ಈಗ ಸುತ್ತಿ ಬಂದು ಮತ್ತೆ ಜೈಪುರ. ಕುಂದಗೋಳದ ಬಸ್ಸಿನಿಂದ ಇಳಿಯದೆ ಅವಳು ಅರ್ಧ ಭಾರತ ತಿರುಗಿದ್ದಳು.

ಬಟ್ಟೆಯ ವಿಷಯ ಹೀಗಾಯಿತು. ಬ್ಯಾಗಿನ ಹುಚ್ಚು ಹತ್ತಿದ್ದು ಅವತ್ತೇ ಸಂಜೆ, ಬಸ್ಸಿನಲ್ಲಿ. ಫೋನಿನಲ್ಲಿ ಒಂದು ಚಿತ್ರ ಬಂತು. ಹೆಗಲಿಗೆ ಹಾಕುವ ಬ್ಯಾಗು. ಬಣ್ಣಬಣ್ಣದ ಹಳೆ ಬಟ್ಟೆಯ ತುಂಡು ಸೇರಿಸಿ, ಮೇಲೆ ಸಾಲುಸಾಲಾಗಿ ಕೈಹೊಲಿಗೆ. ಬೆಲೆ ನೋಡಿ ಸುನೀತಾ ಸೀಟಿನಿಂದ ಅರ್ಧ ಎದ್ದಳು. ಚಿತ್ರವನ್ನು ದೊಡ್ಡದು ಮಾಡಿ ನೋಡಿ ಮತ್ತೆ ಕೂತಳು. ಇದು ಕೌದಿ. ಹುಟ್ಟಿದಾಗಿನಿಂದ ತಾನು ಹೊದ್ದುಕೊಂಡು ಮಲಗಿದ್ದೇ ಇದು. ಇದಕ್ಕಿಂತ ಚಂದದ್ದನ್ನು ಹೊಲಿಯುವವಳು ತನ್ನ ಮನೆಯಿಂದ ಎರಡು ಓಣಿ ಆಚೆ ಇದ್ದಾಳೆ: ಮಡಿವಾಳೆಪ್ಪ ಕಾಕಾನ ಹೆಂಡತಿ, ಕಸ್ತೂರೆವ್ವ ಕಾಕಿ.

ಬಸ್ ಇಳಿದವಳು ನೆಟ್ಟಗೆ ಅಲ್ಲಿಗೇ ಹೋದಳು. ಕಾಕಿ ಕಟ್ಟೆಯ ಮೇಲೆ ಕಾಲು ಚಾಚಿ ಯಾರದೋ ಮನೆಯ ಬಾಣಂತಿಗೆ ಕೌದಿ ಹೊಲಿಯುತ್ತಿದ್ದಳು. ಅಂಚಿನಿಂದ ಸುರು ಮಾಡಿ ಸುತ್ತಿ ಸುತ್ತಿ ನಡುವಿಗೆ ಬರುವ ಹೊಲಿಗೆ. ಗೆರೆ ಹಾಕಿಕೊಳ್ಳುತ್ತಿರಲಿಲ್ಲ, ಅಳತೆಪಟ್ಟಿ ಇರಲಿಲ್ಲ. ಆದರೂ ಸಾಲುಗಳು ಬಿತ್ತಿದ ಹೊಲದ ಹಾಗೆ ಬೀಳುತ್ತಿದ್ದವು. ಎಲ್ಲ ಮುಗಿದು ಒಂದು ಮೂಲೆ ಮಾತ್ರ ತೆರೆದಿತ್ತು. ಕಾಕಿ ಬಾಜೂಕಿನ ತಾಟಿನಿಂದ ಶೇಂಗಾ ಹೋಳಿಗೆಯ ಚೂರೊಂದನ್ನು ಮುರಿದು ಆ ಮೂಲೆಯೊಳಗೆ ತೂರಿಸಿ, ನಾಕು ಹೊಲಿಗೆ ಹಾಕಿ ಬಾಯಿ ಮುಚ್ಚಿದಳು. ಕೌದಿಯ ಹೊಟ್ಟೆ ಖಾಲಿ ಇರಬಾರದು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ. ಅವಳ ಅವ್ವ ಹಾಗೆ ಮಾಡುತ್ತಿದ್ದಳು, ಇವಳೂ ಹಾಗೆ.

ಸುನೀತಾ ಫೋನು ತೋರಿಸಿದಳು. "ಕಾಕಿ, ಇಂಥಾದ್ದೊಂದು ಮಾಡಿ ಕೊಡ ಬೇ."

ಕಾಕಿ ಕಣ್ಣು ಸಣ್ಣದು ಮಾಡಿ ನೋಡಿದಳು. "ಹಾಸಿಗೀನ ಹೆಗಲಿಗೆ ಹಾಕ್ಕೊಂಡು ಸಾಲಿಗೆ ಹೊಕ್ಕಿಯೇನ? ಪಾಠ ಮಾಡಾಕೋ, ಮಲಗಾಕೋ?"

"ಮಂದಿ ಸಾಲುಗಟ್ಟಿ ತೊಗೊಳ್ಳಾಕತ್ತಾರ ಬೇ ಇದನ್ನ."

"ಯಾ ಮಂದಿ? ನಲವತ್ತು ವರ್ಷ ಆತು ನಾ ಸೂಜಿ ಹಿಡದು. ಹಳೀ ಸೀರಿ ತಂದು ಒಗದು, 'ಕಸ್ತೂರೆವ್ವ, ಲಗೂನ ಹೊಲದ ಕೊಡು' ಅಂತಾರ. ಹೊಲದ ಕೊಟ್ರ ಒಂದ ಕುಬಸದ ಖಣಾ, ಒಂದ ಕಪ್ ಚಾ. ಎಷ್ಟ ದಿನ ಬೇಕು ಅಂತ ಯಾರೂ ಕೇಳಿಲ್ಲ. ನಡಿ, ನಡಿ. ಪ್ಯಾಟಿಯವರು ಕೇಳಿದ ದಿನ ಹೊಲಿಯೂಣು."

ಆ ಕೊನೆಯ ಮಾತೇ ಸುನೀತಾಳ ತಲೆಯೊಳಗೆ ಹೊಕ್ಕಿತು. ಪ್ಯಾಟಿಯವರು ಕೇಳಬೇಕೇನು? ಆಗಲಿ.

ಮರುದಿನ ಬೆಳಿಗ್ಗೆ, ಶಾಲೆಗೆ ಹೋಗುವ ಮೊದಲು, ಅವಳು ಮಾಳಿಗೆ ಹತ್ತಿ ತನ್ನ ಇನ್ನೊಂದು ಸಿಮ್ಮಿನಿಂದ ಕಾಕಿಗೆ ಫೋನು ಹಚ್ಚಿದಳು. ಆ ನಂಬರು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಂಟಲಿಗೆ ಸ್ವಲ್ಪ ಬೆಣ್ಣೆ ಹಚ್ಚಿದ ಹಾಗೆ ಮಾಡಿಕೊಂಡು ಸುರು ಮಾಡಿದಳು.

"ಹಲೋ, ಕಸ್ತೂರಮ್ಮ ಅವ್ರಾ? ನಾನು ಮೈಸೂರಿಂದ ವಸುಂಧರಾ ಅಂತ ಮಾತಾಡ್ತಿದೀನಿ ಕಣ್ರೀ. ನಮ್ದೊಂದು ಪುಟ್ಟ ಅಂಗಡಿ ಇದೆ. ನೀವು ಕೌದಿ ತುಂಬಾ ಚೆನ್ನಾಗಿ ಹೊಲಿತೀರಂತಲ್ಲಾ?"

"ಯಾರ ಹೇಳಿದ್ರು ನಿಮಗ?"

"ಹೇಳೋರು ಹೇಳಿದ್ರು ಬಿಡಿ, ಒಳ್ಳೇ ಕೆಲಸ ಎಲ್ಲಾದ್ರೂ ಬಚ್ಚಿಟ್ಕೊಳ್ಳತ್ತಾ? ಕೌದಿ ಥರಾನೇ, ಹೆಗಲಿಗೆ ಹಾಕ್ಕೊಳ್ಳೋ ಬ್ಯಾಗ್ ಎಂಟು ಬೇಕಿತ್ತು. ಅವಸರ ಏನಿಲ್ಲ. ನಿಮ್ಗೆ ಎಷ್ಟು ದಿನ ಬೇಕು ಹೇಳಿ. ಬಣ್ಣ ಎಲ್ಲಾ ನಿಮ್ಮಿಷ್ಟ. ಮತ್ತೆ, ಚೀಟಿ ಮೇಲೆ ನಿಮ್ಮ ಹೆಸರು ಹೇಗೆ ಬರೀಬೇಕು ಅಂತಾನೂ ಹೇಳ್ಬೇಕು."

"ಚೀಟಿ ಅಂದ್ರ?"

"ಬ್ಯಾಗ್ ಒಳಗಡೆ ಚೀಟಿ ಹಚ್ತೀವಲ್ಲಾ, ಹೊಲಿದವರು ಯಾರು ಅಂತ."

ಸುನೀತಾ ಫೋನನ್ನು ಕಿವಿಯಿಂದ ತೆಗೆದು ಕಟ್ಟಾಯಿತೋ ಎಂದು ನೋಡಿದಳು. ಅಷ್ಟರಲ್ಲಿ ಓಣಿಯ ತುದಿಗೆ ಪಂಚಾಯಿತಿಯ ಕಸದ ಗಾಡಿ ಬಂತು. ಗಾಡಿ ಓಡಿಸುವ ದುರ್ಗವ್ವ ಮೈಕಿನಲ್ಲಿ ಎಂದಿನ ಹಾಗೆ ಕೂಗಿದಳು: "ಹಸೀ ಕಸ ಬ್ಯಾರೆ, ಒಣಾ ಕಸ ಬ್ಯಾರೆ ಮಾಡ್ರೆವ್ವಾ!"

ಸುನೀತಾ ಗಡಬಡಿಸಿ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದಳು. "ಸಾರಿ ಕಸ್ತೂರಮ್ಮ, ಇಲ್ಲಿ ತುಂಬಾ ಟ್ರಾಫಿಕ್ಕು!"

"ಹೌದನ್ರಿ? ಮೈಸೂರಂದ್ರ ಗದ್ದಲ ಇರೂದ ಬಿಡ್ರಿ," ಎಂದಳು ಕಾಕಿ. ಅವಳ ದನಿ ಈಗ ಸ್ಪಷ್ಟವಾಗಿತ್ತು. "ಎಂಟೂ ಮಾಡ್ತೇನಿ ಮೇಡಂ. ಅಮಾಸಿ ತನಕ ವ್ಯಾಳ್ಯಾ ಬೇಕು. ಹೆಸರು ಕಸ್ತೂರೆವ್ವ ಅಂತ ಬರೀರಿ. ಕಸ್ತೂರಮ್ಮ ಅಲ್ರಿ. ಕಸ್ತೂರೆವ್ವ, ಯರಗುಪ್ಪಿ."

ಸುನೀತಾಳ ಲೆಕ್ಕ ಸರಳವಾಗಿತ್ತು. ಸಂಜೆ ಹೋಗಿ ನಿಜ ಹೇಳುವುದು, ಕಾಕಿ ಎರಡು ಬೈಯುವುದು, ನಗುವುದು, ಒಂದು ಬ್ಯಾಗಿಗೆ ಒಪ್ಪುವುದು. ಆದರೆ ಸಂಜೆ ಹೋದರೆ ಪಡಸಾಲೆಯಲ್ಲಿ ಪೆಟ್ಟಿಗೆ ಬಾಯಿ ತೆರೆದು ಕೂತಿತ್ತು. ನುಸಿಗುಳಿಗೆಯ ವಾಸನೆ. ನೆಲದ ಮೇಲೆ ಕೆಂಪು ದಡಿಯ ಗಿಳಿಹಸಿರಿನ ಇಳಕಲ್ ಸೀರೆ, ಕಾಕಿಯ ಅವ್ವನದು. ಊರವರ ಹಳೆ ಸೀರೆ ಎಷ್ಟೋ ಕತ್ತರಿಸಿದ್ದ ಕಾಕಿ ಅದನ್ನು ಮಾತ್ರ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಮತ್ತೆ ಮಡಿಸಿ ಇಡುತ್ತಿದ್ದಳು. ಈಗ ಅದು ಅರ್ಧಕ್ಕೆ ಕತ್ತರಿಸಿ ಬಿದ್ದಿತ್ತು.

"ಮೈಸೂರಿನವರಿಗೆ ಹಳೇ ಚಿಂದಿ ಕಳಸಾಕ ಆಗತೈತೇನ?" ಎಂದಳು ಕಾಕಿ, ಕತ್ತರಿ ಕೆಳಗಿಡದೆ. "ಯಾಕ ಲೇ, ಬಾಯಿ ತಗದು ನಿಂತಿ? ಏನರೆ ಹೇಳೂದಿತ್ತೇನ?"

"ಇಲ್ಲ ಬೇ," ಎಂದಳು ಸುನೀತಾ. ಯಾರ ದನಿಯೂ ಬಾಡಿಗೆಗೆ ಸಿಗಲಿಲ್ಲ.

ಅಲ್ಲಿಂದ ಅವಳಿಗೆ ಎರಡು ಜನ್ಮ ಸುರುವಾದವು. ಕಾಕಿ ಹೊತ್ತು ಗೊತ್ತಿಲ್ಲದೆ ವಸುಂಧರಾ ಮೇಡಮ್ಮಿಗೆ ಫೋನು ಮಾಡತೊಡಗಿದಳು. ನಸುಕಿನಲ್ಲಿ ಫೋನು: "ಮೇಡಂ, ಅಂಚಿಗೆ ಕೆಂಪ ಹಾಕ್ಲೇನ್ರಿ, ಕರೇದ ಹಾಕ್ಲೇನ್ರಿ?" ಶಾಲೆಯ ಪ್ರಾರ್ಥನೆಯ ನಡುವೆ ಫೋನು: "ಮೇಡಂ, ಮೈಸೂರಾಗ ಮಳೀ ಹೆಂಗ್ರಿ?" ಮೇಡಂಗೆ ಗಂಡ ಇದ್ದಾನೋ, ಅತ್ತೆ ಜೀವಂತ ಇದ್ದಾಳೋ, ಇವತ್ತು ಅಡುಗೆ ಏನು, ಸಾರಿಗೆ ಬೆಲ್ಲ ಹಾಕುತ್ತಾರೆಂಬುದು ಖರೇಯೋ, ಎಲ್ಲವೂ ಕಾಕಿಗೆ ಬೇಕು. ಸುನೀತಾ ಒಂದೊಂದಾಗಿ ಹುಟ್ಟಿಸುತ್ತ ಹೋದಳು. ಮೇಡಮ್ಮಿಗೆ ಬ್ಯಾಂಕಿನ ಗಂಡ ಬಂದ, ಮಂಡಿನೋವಿನ ಅತ್ತೆ ಬಂದಳು, ಪುಟ್ಟಿ ಎಂಬ ಬೆಕ್ಕೂ ಬಂತು. ಮರುದಿನ ಕಾಕಿ, "ಪುಟ್ಟಿ ಹಾಲ ಕುಡೀತನ್ರಿ?" ಎಂದಾಗ ಸುನೀತಾ ಕಿಕ್ಕಿರಿದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಳು. ಸುತ್ತ ಯರಗುಪ್ಪಿಯದೇ ಮಂದಿ. "ಕುಡಿತು ಕಣ್ರೀ, ಪೂರ್ತಿ ಕುಡಿತು," ಎಂದು ಅವಳು ಉಲಿದದ್ದನ್ನು ಕೇಳಿ ಪಕ್ಕದ ಮುದುಕಿ, "ಈ ಟೀಚರಗ ಏನಾತವ್ವಾ!" ಎಂದು ಸ್ವಲ್ಪ ಸರಿದು ಕೂತಳು.

ಜಿಪ್ಪು ಹಚ್ಚುವುದು, ಹೆಗಲಿನ ಪಟ್ಟಿ ಕೂಡಿಸುವುದು ಕಾಕಿಗೆ ಬರುತ್ತಿರಲಿಲ್ಲ. ಹೊಲಿದವುಗಳನ್ನು ಚೀಲಕ್ಕೆ ತುಂಬಿ ಸುನೀತಾ ಮುಬಶಿರಾಳ ಅಂಗಡಿಗೆ ಒಯ್ದಳು. ಕಾಕಿ ಒಂದೊಂದರಲ್ಲೂ ಒಂದು ಮೂಲೆ ತೆರೆದೇ ಇಟ್ಟಿದ್ದಳು, ಜಿಪ್ಪು ಹಚ್ಚಿ ಬಂದ ಮೇಲೆ ಮುಚ್ಚುತ್ತೇನೆಂದು. ಮುಬಶಿರಾ ಮೊದಲ ಬ್ಯಾಗನ್ನು ಬೆಳಕಿಗೆ ಹಿಡಿದು ಮುಂದೆ ಹಿಂದೆ ತಿರುಗಿಸಿದಳು. ಗಿಳಿಹಸಿರಿನ ಮೇಲೆ ಬಿಳಿ ಹೊಲಿಗೆ, ನಡುವೆ ಕೆಂಪು ದಡಿಯ ಒಂದು ಚೌಕ.

"ಯಾರ ಕೈರಿ ಇದು? ಮಷೀನೂ ಹಿಂಗ ಹೊಲಿಯಂಗಿಲ್ಲ."

ಹೆಮ್ಮೆಯಿಂದ ಸುನೀತಾ ಎಲ್ಲವನ್ನೂ ಹೇಳಿದಳು, ಮೈಸೂರಿನ ದನಿಯನ್ನೂ ಸೇರಿಸಿ. ಮುಬಶಿರಾ ನಗುತ್ತಾಳೆಂದು ಕಾದಳು. ಅವಳು ಜಿಪ್ಪಿನ ಉದ್ದ ಅಳೆಯುತ್ತಿದ್ದಳು.

"ಟೀಚರ್, ಮೊನ್ನೆ ನಿಮ್ಮ ಸಾಲಿ ಅರುಣಾ ಮೇಡಂ ಬಂದಿದ್ರು. ಸೀರಿಗೆ ಫಾಲ್ ಹಚ್ಚಾಕ. ನಿಮ್ಮ ಜೈಪುರದ ಕುರ್ತಾ ಭಾಳ ಹೊಗಳಿದ್ರು. ಅಂಥಾದ್ದು ಹೊಲಿಯಾಕ ನನಗ ಬರತೈತೇನು ಅಂತ ಕೇಳಿದ್ರು."

ಸುನೀತಾ ಖಾಲಿ ಚೀಲವನ್ನು ಮಡಿಸತೊಡಗಿದಳು.

"ನೀ ಏನ ಹೇಳಿದಿ?"

"ಏನ ಹೇಳ್ಲಿ? ಪ್ರಯತ್ನ ಮಾಡ್ತೇನ್ರಿ ಅಂದೆ." ಮುಬಶಿರಾ ದಾರವನ್ನು ಹಲ್ಲಿನಲ್ಲಿ ಕಡಿದಳು. "ಮೂರ ವರ್ಷ ಆತು ನಿಮಗ ಹೊಲದ ಕೊಡಾಕತ್ತು. ನಿಮ್ಮ ಸಾಲಿಯಿಂದ ಒಬ್ಬರೂ ಬರವಲ್ರು. ನನ್ನ ಹೊಲಿಗಿ ಅವರಿಗೆ ಸೇರಂಗಿಲ್ಲ ಅಂತ ತಿಳಕೊಂಡಿದ್ದೆ ನೋಡ್ರಿ. ಅಷ್ಟ."

ಅಷ್ಟೇ ಹೇಳಿ ಅವಳು ಮಷೀನು ತುಳಿಯತೊಡಗಿದಳು. ಬೈದಿದ್ದರೆ ಸುನೀತಾ ಏನಾದರೂ ದನಿ ತೆಗೆದು ನಗಿಸಬಹುದಿತ್ತು. ಮುಬಶಿರಾ ಬೈಯಲಿಲ್ಲ, ನಾಕು ಜಿಪ್ಪು ಹಚ್ಚಿಕೊಟ್ಟಳು, ಉಳಿದವು ನಾಳೆ ಎಂದಳು.

ಅದಾದ ಎರಡು ದಿನಕ್ಕೆ ಕಾಕಿಯ ಫೋನು ಬಂತು. ಸುನೀತಾ ತನ್ನ ಮಾಳಿಗೆಯ ಮೇಲೆ ಒಬ್ಬಳೇ ಇದ್ದಳು.

"ಮೇಡಂ, ಒಂದ ಮಾತ ಕೇಳ್ಲೇನ್ರಿ? ನೀವು ಕಲತವರು, ಅದಕ್ಕ."

"ಕೇಳಿ ಕಸ್ತೂರೆವ್ವ."

"ನಮ್ಮ ಪೈಕಿ ಒಂದ ಹುಡುಗಿ ಐತ್ರಿ. ಟೀಚರ್ ಐತಿ. ಇಲ್ಲೇ ಹೊಲಿಸಿದ್ದ ಅಂಗಿ ತೊಟ್ಕೊಂಡು ಜೈಪುರದ್ದು, ಇನ್ನೆಲ್ಲಿದೋ ಅಂತ ಹೇಳ್ತೈತಂತ. ಜಿಪ್ಪಿನ ಅಳತಿ ಕೇಳಾಕ ಆ ಮುಬಶಿರಾಗ ಫೋನ್ ಮಾಡಿದ್ದೆ, ನಾನ ಕೆದಕಿ ಕೇಳಿದ್ದಕ್ಕ ಹೇಳಿದ್ಲು. ಅಕಿ ತಾನಾಗಿ ದೂರಲಿಲ್ರಿ, ಪಾಪ. ಹೊಲಿದಾಕಿ ಹೆಸರ ಹೇಳಿದ್ರ ಈ ಹುಡುಗೀದು ಏನ ಹೊಕ್ಕೈತ್ರಿ ಮೇಡಂ? ನೀವ ನೋಡ್ರಿ, ಎಲ್ಲೋ ಮೈಸೂರಾಗ ಕುಂತು ನನ್ನ ಹೆಸರ ಚೀಟಿ ಮ್ಯಾಲೆ ಬರೀತೇನಿ ಅಂದ್ರಿ. ನೀವ ಹೇಳ್ರಿ, ಅಕಿಗೆ ನಾ ಏನನ್ಲಿ?"

ಬೆಣ್ಣೆಯ ದನಿ ಒಣಗಿತು. ವಸುಂಧರಾ ಮೇಡಂ, "ನಾಚಿಕೆ ಇರಬೇಕು ಕಣ್ರೀ ಅವಳಿಗೆ," ಎಂದರು. ಹೇಳುವಾಗ ಮೈಸೂರು ಅರ್ಧ ಮಾತ್ರ ಉಳಿದಿತ್ತು.

"ನಾನೂ ಅದನ್ನ ಅನಕೊಂಡೆ ನೋಡ್ರಿ," ಎಂದು ಕಾಕಿ ಫೋನಿಟ್ಟಳು.

ಅಮಾವಾಸ್ಯೆಗೆ ಎರಡು ದಿನ ಮೊದಲೇ ಎಂಟೂ ಬ್ಯಾಗು ಮುಗಿದವು. ಕಾಕಿ ಅವನ್ನು ಹಳೆ ಧೋತರದಲ್ಲಿ ಕಟ್ಟಿ, "ನೀ ಹೆಂಗೂ ಕುಂದಗೋಳಕ್ಕ ಹೊಕ್ಕಿಯಲ್ಲ, ಪಾರ್ಸಲ್ ಹಚ್ಚಿಬಿಡು," ಎಂದು ಸುನೀತಾಳ ಕೈಗೇ ಕೊಟ್ಟಳು. ಇಲ್ಲದ ಮೇಡಮ್ಮಿನ ಇಲ್ಲದ ವಿಳಾಸಕ್ಕೆ ಪಾರ್ಸಲ್ಲು. ಸುನೀತಾ ಗಂಟನ್ನು ತನ್ನ ಕಪಾಟಿನಲ್ಲಿಟ್ಟಳು. ಆ ಗಂಟು ಕಪಾಟಿನಲ್ಲೇ ಉಳಿದರೆ ಗಿಳಿಹಸಿರು ಸೀರೆ ಸುಮ್ಮನೆ ಹಾಳಾದ ಹಾಗೆ. ಮಾರಬೇಕೆಂದರೆ ಎಲ್ಲಿಯದು ಎಂದು ಹೇಳಬೇಕು. ಈ ಸಲ ಯಾವ ಊರಿನ ಹೆಸರು ಹೇಳಿದರೂ ಅದು ಕಾಕಿಯ ಚೀಟಿಯನ್ನು ಕಿತ್ತ ಹಾಗೆ.

ಬುಧವಾರ ಒಂದನ್ನು ಹೆಗಲಿಗೆ ಹಾಕಿಕೊಂಡು ಶಾಲೆಗೆ ಹೋದಳು. ಹೇಳಲೇಬೇಕೆಂದು ಹೋಗಿದ್ದಳು. ಪ್ರಾರ್ಥನೆ ಮುಗಿದು ಮೊದಲ ಪೀರಿಯಡ್ಡು ಕಳೆಯುವುದರೊಳಗೆ ಧೈರ್ಯ ಇಳಿದಿತ್ತು. ಎರಡನೆಯ ಪೀರಿಯಡ್ಡಿಗೆ ಸ್ಟಾಫ್ ರೂಮಿಗೆ ಬಂದರೆ ಅವಳ ಮೇಜಿನ ಸುತ್ತ ಗುಂಪು ಕೂಡಿತ್ತು.

"ಅಯ್ಯ, ಸುನೀತಾ ಟೀಚರ್! ನಿಮ್ಮ ಬ್ಯಾಗಿನ್ಯಾಗಿಂದ ಮೆರವಣಿಗಿ ಹೊಂಟೈತಿ!"

ಇರುವೆಗಳು. ಕಿಟಕಿಯಿಂದ ಇಳಿದು, ಗೋಡೆ ಹಿಡಿದು, ಹಾಜರಿ ಪುಸ್ತಕ ದಾಟಿ ಕೆಂಪು ಇರುವೆಯ ಸಾಲು ಬ್ಯಾಗಿನ ಕೆಳಮೂಲೆಗೆ ಹೊಕ್ಕು, ಇನ್ನೊಂದು ಸಾಲು ಅಲ್ಲಿಂದ ಹೊರಬಿದ್ದು ಶಿಸ್ತಾಗಿ ಮರಳುತ್ತಿತ್ತು. ಒಂದೊಂದರ ಬಾಯಲ್ಲೂ ಒಂದೊಂದು ಕಂದು ಕಣ.

ಅರುಣಾ ಟೀಚರ್ ಬಗ್ಗಿ ನೋಡಿದರು. "ಯಾ ಕಂಪನೀದ್ರಿ ಇದು? ಇರಿವಿ ಫ್ರೀ ಕೊಡ್ತಾರೇನ?"

ಎಲ್ಲರೂ ನಕ್ಕರು, ನಕ್ಕು ಸುನೀತಾಳ ಮುಖ ನೋಡಿದರು, ಈಗ ಯಾವ ದನಿ ಬರುತ್ತದೆಂದು. ದನಿ ಬಾಯಿತನಕ ಬಂದಿತ್ತು: ಕೇರಳದ ಕಂಪನಿ, ಪೂರ್ತಿ ಸಾವಯವ, ಇರುವೆ ಬಂದರೆ ಮಾತ್ರ ಅಸಲಿ ಮಾಲು. ಒಳ್ಳೆಯ ಮಾತೇ. ಹೇಳಿದ್ದರೆ ಸ್ಟಾಫ್ ರೂಮು ಬಿದ್ದುಬಿದ್ದು ನಗುತ್ತಿತ್ತು.

ಸುನೀತಾ ಬ್ಯಾಗನ್ನು ಎತ್ತಿ ಮೂಲೆಯ ಹೊಲಿಗೆಯನ್ನು ಉಗುರಿನಿಂದ ಮೆಲ್ಲಗೆ ಬಿಚ್ಚಿದಳು. ಒಳಗಿಂದ ಶೇಂಗಾ ಹೋಳಿಗೆಯ ಚೂರು ಅಂಗೈಗೆ ಬಿತ್ತು.

"ಕಂಪನಿ ಅಲ್ರಿ," ಎಂದಳು. ಅದು ಅವಳದೇ ದನಿ. ಅವಳಿಗೇ ಸ್ವಲ್ಪ ಅಪರಿಚಿತವಾಗಿ ಕೇಳಿಸಿತು. "ಇದನ್ನ ಹೊಲಿದಾಕಿ ನಮ್ಮ ಕಾಕಿ. ಕಸ್ತೂರೆವ್ವ, ಯರಗುಪ್ಪಿ. ಕೌದಿ ಹೊಲದು ಮುಗಿಸುವಾಗ ಅದರ ಹೊಟ್ಟಿಗೆ ಒಂದ ತುತ್ತ ಹಾಕಿ ಹೊಲೀತಾಳ, ಹಸದಿರಬಾರದು ಅಂತ. ಬ್ಯಾಗಿಗೂ ಹಾಕ್ಯಾಳ ನೋಡ್ರಿ. ಮತ್ತ ಅರುಣಾ ಟೀಚರ್, ಆ ಕುರ್ತಾ ಜೈಪುರದ್ದಲ್ಲ. ಬಸ್ ಸ್ಟ್ಯಾಂಡ್ ಹಿಂದಿನ ಮುಬಶಿರಾ ಹೊಲಿದದ್ದು. ನನ್ನ ಎಲ್ಲಾ ಅಂಗಿ ಅಕೀನ ಹೊಲಿದದ್ದು. ಮೂರ ವರ್ಷ ನಾ ಸುಳ್ಳ ಹೇಳೀನಿ."

ಸ್ಟಾಫ್ ರೂಮಿನಲ್ಲಿ ಇರುವೆಗಳು ಮಾತ್ರ ಓಡಾಡುತ್ತಿದ್ದವು. ಅರುಣಾ ಟೀಚರ್ ಮೂಗಿನ ಮೇಲೆ ಬೆರಳಿಟ್ಟರು. "ಮುಬಶಿರಾನಾ! ಅಂಥಾದ್ದು ಹೊಲಿಯಾಕ ಬರತೈತೇನವಾ ಅಂತ ಅಕೀನ್ನ ಕೇಳಿ ಬಂದೇನಲ್ರಿ ನಾನು! ಪ್ರಯತ್ನ ಮಾಡ್ತೇನ್ರಿ ಅಂದ್ಲಲ್ರಿ ಆ ಹುಡುಗಿ!" ಎಂದು ನೊಂದುಕೊಂಡವರು, ಮರುಕ್ಷಣ ಬ್ಯಾಗನ್ನು ಕಸಿದು ಹೆಗಲಿಗೆ ಹಾಕಿ ಕಪಾಟಿನ ಗಾಜಿನಲ್ಲಿ ನೋಡಿಕೊಂಡರು. "ಇಂಥಾವು ಇನ್ನ ಎಷ್ಟ ಅದಾವ್ರಿ ನಿಮ್ಮ ಕಾಕಿ ಹಂತೇಕ?"

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಡ್‌ಮಾಸ್ಟರು ಕೆಮ್ಮಿದರು. "ನಮ್ಮ ಮನಿಯವರಿಗೂ ಒಂದು ಇರಲಿ. ಇರಿವಿ ಬಿಟ್ಟು."

ಶನಿವಾರ ಅರ್ಧ ದಿನದ ಶಾಲೆ. ಮಧ್ಯಾಹ್ನ ಒಂದು ಟಂಟಂ ಗಾಡಿಯಲ್ಲಿ ಆರು ಮಂದಿ ಟೀಚರುಗಳು ಒತ್ತಿ ಕೂತರು. ಏಳನೆಯವಳಾಗಿ ಮುಬಶಿರಾಳನ್ನು ಅರುಣಾ ಟೀಚರೇ ಅಂಗಡಿಯಿಂದ ಎಬ್ಬಿಸಿ ತಂದು ತಮ್ಮ ಬಾಜೂಕ ಕೂಡಿಸಿಕೊಂಡರು. ಗಾಡಿ ಸುರುವಾದಾಗಿನಿಂದ ಅವಳಿಗೆ ತೋಳಿನ ಅಳತೆ ಹೇಳುತ್ತಲೇ ಇದ್ದರು. ಮುಬಶಿರಾ ಸುನೀತಾಳ ಕಡೆ ಒಮ್ಮೆ ನೋಡಿ, "ಜೈಪುರದಾಗ ಭಾಳ ಗಿರಾಕಿ ಆದ್ವು ಟೀಚರ್," ಎಂದು ಮುಖ ಆಚೆ ತಿರುಗಿಸಿಕೊಂಡಳು. ಭುಜ ಮಾತ್ರ ನಗುತ್ತಿತ್ತು. ಸುನೀತಾ ಡ್ರೈವರನ ಪಕ್ಕ, ಮಡಿಲಲ್ಲಿ ಧೋತರದ ಗಂಟು. ಎರೆಹೊಲದ ನಡುವೆ ಗಾಡಿ ಕುಣಿಯುತ್ತಿತ್ತು, ಅವಳ ಎದೆಯೂ. ಸ್ಟಾಫ್ ರೂಮಿಗೆ ಹೇಳಿದ್ದು ಸಲೀಸು. ವಸುಂಧರಾ ಮೇಡಂ ಇಲ್ಲ ಎಂದು ಕಾಕಿಗೆ ಹೇಳುವುದು ಹೇಗೆ? ಪುಟ್ಟಿ ಎಂಬ ಬೆಕ್ಕಿನ ಕುಶಲ ಕೇಳಿದ ಹೆಂಗಸು ಅವಳು.

ಕಾಕಿ ಕಟ್ಟೆಯ ಮೇಲೇ ಇದ್ದಳು. ಪಕ್ಕದಲ್ಲಿ ಮಡಿವಾಳೆಪ್ಪ ಕಾಕಾ ಚಾ ಬಸಿಯಲ್ಲಿ ಸುರಿದುಕೊಳ್ಳುತ್ತಿದ್ದ. ಇಷ್ಟು ಮಂದಿಯನ್ನು ನೋಡಿ ಕಾಕಿ ಸೆರಗು ಹೊದ್ದು ಎದ್ದಳು. "ಬರ್ರಿ, ಬರ್ರಿ, ಕುಂದರ್ರಿ."

ಸುನೀತಾ ಕೂರಲಿಲ್ಲ. ಗಂಟನ್ನು ಕಾಕಿಯ ಮುಂದಿಟ್ಟಳು. "ಕಾಕಿ, ಇವು ಮೈಸೂರಿಗೆ ಹೋಗಿಲ್ಲ. ಇವರೆಲ್ಲಾ ತೊಗೊಳ್ಳಾಕ ಬಂದಾರ, ನಿನ್ನ ಕೈಯಿಂದನ ತೊಗೊಳ್ಳಾಕ. ಬ್ಯಾಡಂದ್ರ ಬಿಡು, ನಿನ್ನ ಮರ್ಜಿ. ಆದ್ರ ಮೊದಲ ಒಂದ ಮಾತ ಹೇಳಬೇಕು." ಅವಳು ಗಂಟಿನ ಮೇಲಿಂದ ಕೈ ತೆಗೆದಳು. "ಆ ವಸುಂಧರಾ ಮೇಡಂ ಅಂತ ಯಾರೂ ಇಲ್ಲ ಬೇ. ಅದು ನಾನ. ಚ್ಯಾಷ್ಟಿ ಮಾಡಾಕ ಹೋಗಿ ನಿಮ್ಮವ್ವನ ಸೀರಿ ಕತ್ತರಿಸೂವಂಗ ಮಾಡಿದೆ. ತಪ್ಪಾತು."

ಕಾಕಿ ಅವಳನ್ನೇ ನೋಡಿದಳು. ತುಟಿ ಬಿಗಿಹಿಡಿದಿದ್ದಳು. ಕಣ್ಣು ತುಂಬಿಕೊಂಡಿದ್ದವು. ಅದೇ ಹೊತ್ತಿಗೆ ಮಡಿವಾಳೆಪ್ಪ ಕಾಕಾ ಕುಡಿದ ಚಾ ಮೂಗಿಗೆ ಏರಿ ಕೆಮ್ಮಿದ. "ಇನ್ನ ಸಾಕ ಬಿಡ ಮಾರಾಯ್ತಿ! ಸತ್ತು ಹೊಕ್ಕಿ! ನಗು ಒಮ್ಮೆ!"

ಕಾಕಿಯ ತುಟಿ ಒಡೆಯಿತು. ನಗೆ ಹೊಟ್ಟೆಯಿಂದ ಎದ್ದು ಬಂತು. ಅವಳು ಕಂಬ ಹಿಡಿದಳು, ಕೂತಳು, ತೊಡೆ ಬಡಿದುಕೊಂಡಳು.

"ಲೇ ಹುಚ್ಚಿ! ನಿನ್ನ ಮೈಸೂರಾಗ ಕಸ ಎತ್ತಾಕ ನಮ್ಮ ದುರ್ಗವ್ವ ಯಾವಾಗ ಹೋದ್ಲ ಲೇ? ಫೋನಿನ್ಯಾಗ ಹಸೀ ಕಸ ಒಣಾ ಕಸ ಅಂದ್ಲು, ನೀ ಟ್ರಾಫಿಕ್ಕು ಅಂದಿ, ಫೋನ್ ಇಟ್ಟ ಮ್ಯಾಲೆ ನಿಮ್ಮ ಓಣಿ ದಾಟಿ ಅದ ಗಾಡಿ ನಮ್ಮ ಬಾಗಲಿಗೆ ಬಂತು! ಮೈಸೂರಿಂದ ಯರಗುಪ್ಪಿಗೆ ಎಷ್ಟ ಲಗೂ ಬಂದಿ ದುರ್ಗವ್ವ ಅಂತ ಅಕೀನ್ನ ಕೇಳೀನಿ ನಾನು!"

"ದಿನಾ ನನ್ನ ಕಡೆಯಿಂದ ನಂಬರ್ ಹಚ್ಚಸ್ತಿದ್ಲು," ಎಂದ ಕಾಕಾ. "ಮಾತಾಡೂ ಮುಂದ ಗಂಭೀರ. ಫೋನ್ ಇಟ್ಟ ಕೂಡ್ಲೆ ಸೆರಗ ಬಾಯಾಗ ತುರುಕ್ಕೊಂಡು ಉಳ್ಳಾಡಾಕಿ. ಆ ಬೆಕ್ಕಿನ ದಿನ ಅಂತೂ ರೊಟ್ಟೀನ ಬಡೀಲಿಲ್ಲ ನೋಡು."

ಟೀಚರುಗಳು ನಗುತ್ತ ಒಬ್ಬರ ಮೇಲೊಬ್ಬರು ಬಿದ್ದರು. ಸುನೀತಾ ನಿಂತೇ ಇದ್ದಳು. "ಗೊತ್ತಿದ್ದೂ ಸೀರಿ ಯಾಕ ಕತ್ತರಿಸಿದಿ ಮತ್ತ?"

ಕಾಕಿ ಕಣ್ಣು ಒರೆಸಿಕೊಂಡಳು. "ಪೆಟ್ಟಿಗ್ಯಾಗಿಟ್ಟು ಹುಳಕ್ಕ ಹಾಕ್ಲೇನ? ಎಷ್ಟ ದಿನ ಬೇಕು ಅಂದಿ. ಬಣ್ಣ ನಿಮ್ಮಿಷ್ಟ ಅಂದಿ. ಹೆಸರ ಹೆಂಗ ಬರೀಲಿ ಅಂದಿ. ನಲವತ್ತ ವರ್ಷದಾಗ ಯಾರ ಕೇಳಿದ್ರ ನನ್ನ? ಕೇಳಿದಾಕಿ ಸುಳ್ಳಾಕಿ ಇರಬಹುದು, ಕೇಳಿದ್ದು ಖರೇನ ಇತ್ತಲ್ಲ." ಆಮೇಲೆ ಟೀಚರುಗಳ ಕಡೆ ತಿರುಗಿ, "ಬಿಚ್ಚಿ ನೋಡ್ರೆವಾ. ಬಣ್ಣ ಆರಿಸ್ಕೊಳ್ರಿ. ಜಿಪ್ಪ ಹಚ್ಚಿದಾಕಿ ಇಲ್ಲೇ ಅದಾಳ, ಅಕೀ ಹೆಸರೂ ಕೇಳಿ ತಿಳಕೊಳ್ರಿ," ಎಂದಳು.

ಗಂಟು ಬಿಚ್ಚಿತು. ಕಟ್ಟೆಯ ತುಂಬ ಹಸಿರು, ಕೆಂಪು, ಸಾಸಿವೆ ಬಣ್ಣ. ಅರುಣಾ ಟೀಚರ್ ಎರಡನ್ನು ಹಿಡಿದು 'ಇದೋ ಅದೋ' ಎನ್ನುತ್ತಿದ್ದರು. ಕಾಕಿ ಒಳಗೆ ಹೋಗಿ ಒಂಬತ್ತನೆಯದೊಂದನ್ನು ತಂದು, ಇನ್ನೂ ನಿಂತೇ ಇದ್ದ ಸುನೀತಾಳನ್ನು ಕೂಡಿಸಿ ಮಡಿಲಿಗೆ ಹಾಕಿದಳು. ಎಂಟಕ್ಕೂ ನಡುವೆ ಒಂದೊಂದೇ ಚೌಕವಾಗಿ ಬಂದಿದ್ದ ಕೆಂಪು ದಡಿ ಇದರಲ್ಲಿ ಸುತ್ತಲೂ ಇತ್ತು. ಒಂದು ಮೂಲೆ ತೆರೆದಿತ್ತು. ಅಲ್ಲಿ ಸೂಜಿ ಚುಚ್ಚಿ ದಾರ ಇಳಿಬಿಟ್ಟಿತ್ತು.

"ಇದು ವಸುಂಧರಾ ಮೇಡಮ್ಮಗ. ಪಾಪ, ಎಂಟು ಹೇಳಿ ತನಗಂತ ಒಂದೂ ಇಟ್ಟಕೊಳ್ಳಲಿಲ್ಲ ಅಕಿ. ಕಡೀ ಮೂಲಿ ನೀನ ಮುಚ್ಚು."

ಸುನೀತಾ ಕಟ್ಟೆಯ ಮೇಲಿದ್ದ ತಾಟಿನಿಂದ ಹೋಳಿಗೆಯ ಚೂರು ಮುರಿದು ಮೂಲೆಯೊಳಗೆ ಇಟ್ಟಳು, ಸೂಜಿ ಹಿಡಿದಳು. ಅವಳ ಹೊಲಿಗೆ ಕಾಕಿಯ ಸಾಲಿನ ಪಕ್ಕದಲ್ಲಿ ಕುಡಿದವನ ಹೆಜ್ಜೆಯ ಹಾಗೆ ನಡೆಯಿತು. ಅಷ್ಟರಲ್ಲಿ, ಅವತ್ತು ಬೆಳಿಗ್ಗೆ ಬಾರದಿದ್ದ ಕಸದ ಗಾಡಿಯ ಮೈಕು ಓಣಿಯ ತುದಿಯಲ್ಲಿ ಕೂಗಿತು: "ಹಸೀ ಕಸ ಬ್ಯಾರೆ, ಒಣಾ ಕಸ ಬ್ಯಾರೆ..."

ಕಾಕಿ ಕೈಯನ್ನು ಕಿವಿಗೆ ಹಚ್ಚಿದಳು. ಕತ್ತು ಸ್ವಲ್ಪ ಓರೆ ಮಾಡಿ, ಗಂಟಲಿಗೆ ಬೆಣ್ಣೆ ಹಚ್ಚಿದ ಹಾಗೆ ಮಾಡಿಕೊಂಡು, "ಹಲೋ, ಇಲ್ಲಿ ತುಂಬಾ ಟ್ರಾಫಿಕ್ಕು ಕಣ್ರೀ!" ಎಂದಳು. ಹೇಳಿ ಮುಗಿಸುವ ಮೊದಲೇ ಅವಳಿಗೆ ನಗೆ ಬಂತು. ಎಲ್ಲರೂ ನಕ್ಕರು, ಆದರೆ ಅವಳ ನಗೆ ಎಲ್ಲರ ನಗೆಯನ್ನೂ ದಾಟಿ, ದುರ್ಗವ್ವನ ಮೈಕನ್ನೂ ದಾಟಿ ಓಣಿಯ ಉದ್ದಕ್ಕೂ ಹೋಯಿತು. ಗಾಡಿ ನಿಲ್ಲಿಸಿ ದುರ್ಗವ್ವ ಇಣುಕಿ ನೋಡಿದಳು.

ಸುನೀತಾ ದಾರ ಕಡಿದಳು. ಕಟ್ಟೆಯ ಕೆಳಗಿನ ಬಿರುಕಿನಿಂದ ಒಂದು ಇರುವೆ ಹೊರಬಂದು, ಮೀಸೆ ಅಲ್ಲಾಡಿಸಿ, ಕೆಂಪು ದಡಿಯ ಕಡೆಗೆ ಹತ್ತತೊಡಗಿತ್ತು. ಹಿಂದೆ ಇನ್ನೊಂದು.